ಮೊದಲ ವಾದ್ಯ ಯಾವುದಿರಲಿ? ತುಮಕೂರಿನ ಮನೆಯೊಂದರ ಲೆಕ್ಕಾಚಾರ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಕೀಬೋರ್ಡ್ ಇತ್ತು. 61 ಕೀಗಳದ್ದು, ಒಳ್ಳೆಯದೇ. ಮಗಳ ಎಂಟನೇ ಹುಟ್ಟುಹಬ್ಬಕ್ಕೆ ತಂದಿದ್ದು. ಎಂಟು ತಿಂಗಳು ನುಡಿಸಿದಳು. ಆಮೇಲೆ ಅದರ ಮೇಲೆ ಇಸ್ತ್ರಿ ಬಟ್ಟೆ ಇಡುವುದು ಶುರುವಾಯಿತು. ಒಂದು ದಿನ ಹಳೇ ಬೆಡ್‌ಶೀಟ್ ಸುತ್ತಿ ಅಟ್ಟಕ್ಕೆ ಏರಿಸಿದೆವು. ಈಗ ಅವಳು ಪಿಟೀಲು ಕಲಿಯುತ್ತಿದ್ದಾಳೆ, ಐದನೇ ವರ್ಷ. ಮಗ ಮೃದಂಗಕ್ಕೆ ಹೋಗುತ್ತಾನೆ. ನಾನು 43ಕ್ಕೆ ಹಾರ್ಮೋನಿಯಂ ಮುಂದೆ ಕೂತೆ. ನಮ್ಮ ಮನೆಯವರು ಮಾತ್ರ ಇನ್ನೂ ಬರೀ ಕೇಳುಗರು, ಪಾಪ.

ಹಾಗಾಗಿ ಜೂನ್‌ನಲ್ಲಿ ಶಾಲೆ ತೆರೆದಾಗ ಒಮ್ಮೆ, ವಿಜಯದಶಮಿ ಹತ್ತಿರ ಬಂದಾಗ ಇನ್ನೊಮ್ಮೆ, ಬೀದಿಯಲ್ಲಿ ಯಾರಾದರೂ ತಡೆದು ಕೇಳುತ್ತಾರೆ. “ಅಕ್ಕ, ನಮ್ಮ ಹುಡುಗನ್ನ ಯಾವುದಕ್ಕೆ ಸೇರಿಸೋಣ? ಕೀಬೋರ್ಡಾ, ಗಿಟಾರಾ?”

ನಾನು ತಿರುಗಿ ಕೇಳುವುದು ಒಂದೇ. ನಿಮ್ಮ ಮನೆಯಿಂದ ಹತ್ತು ಹದಿನೈದು ನಿಮಿಷದಲ್ಲಿ ಯಾವ ಮೇಷ್ಟ್ರು ಸಿಗುತ್ತಾರೆ?

ನಮ್ಮ ಕೀಬೋರ್ಡ್ ಅಟ್ಟ ಸೇರಿದ್ದು ಅದು ಕೆಟ್ಟ ವಾದ್ಯ ಅಂತಲ್ಲ. ಹೇಳಿಕೊಡುತ್ತಿದ್ದ ಮಿಸ್ ಮದುವೆಯಾಗಿ ಊರು ಬಿಟ್ಟರು. ಇನ್ನೊಂದು ಕ್ಲಾಸು ಇದ್ದದ್ದು ಶಿರಾಗೇಟ್ ಕಡೆ. ನಾವಿರುವುದು ಬಟವಾಡಿಯ ಹತ್ತಿರ. ಊರಿನ ಈ ತುದಿಯಿಂದ ಆ ತುದಿಗೆ, ಅದೂ ಸಂಜೆ ಆರು ಗಂಟೆಗೆ. ಮೂರು ವಾರ ಹೋದೆವು. ನಾಲ್ಕನೇ ವಾರ ಮಳೆ ಬಂತು, ಹೋಗಲಿಲ್ಲ. ಐದನೇ ವಾರ ಮಳೆ ಬರಲಿಲ್ಲ, ಆದರೂ ಹೋಗಲಿಲ್ಲ. ಇಷ್ಟೇ ಕಥೆ.

ಆದರೆ ಮೇಷ್ಟ್ರು ಹತ್ತಿರ ಇದ್ದರೆ ಮಾತ್ರ ಸಾಲದು. ವಾದ್ಯಗಳ ನಡುವೆ ಇರುವ ವ್ಯತ್ಯಾಸ ಸಣ್ಣದಲ್ಲ.

ಸ್ವರ ಕೊಡುವ ವಾದ್ಯ, ಸ್ವರ ಹುಡುಕಿಸುವ ವಾದ್ಯ

ತಂತಿಯದ್ದು, ಊದುವುದು, ಚರ್ಮದ್ದು ಅಂತ ವಾದ್ಯಗಳನ್ನು ವಿಂಗಡಿಸುತ್ತಾರೆ. ಕಲಿಯಲು ಹೊರಟವರಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ. ನಾನು ಬೇರೆ ಥರ ವಿಂಗಡಿಸುತ್ತೇನೆ. ಕೆಲವು ವಾದ್ಯ ಸ್ವರವನ್ನು ಸಿದ್ಧ ಮಾಡಿ ಕೊಡುತ್ತವೆ. ಕೆಲವು ಸ್ವರವನ್ನು ನಿಮ್ಮ ಕೈಯಲ್ಲೇ ಹುಡುಕಿಸುತ್ತವೆ.

ಕೀಬೋರ್ಡ್, ಹಾರ್ಮೋನಿಯಂ ಮೊದಲ ಗುಂಪಿನವು. ಬೆರಳಿಟ್ಟರೆ ‘ಸ’ ಬರುತ್ತದೆ. ಮಗು ಒತ್ತಿದರೂ ಅದೇ ‘ಸ’, ವಿದ್ವಾಂಸರು ಒತ್ತಿದರೂ ಅದೇ ‘ಸ’. ಪಿಟೀಲು, ಕೊಳಲು ಎರಡನೇ ಗುಂಪು. ಪಿಟೀಲಿನ ಮೇಲೆ ಮೆಟ್ಟಿಲೂ (ಸ್ವರದ ಜಾಗ ತೋರಿಸುವ ಅಡ್ಡಪಟ್ಟಿ) ಇಲ್ಲ, ಗುರುತೂ ಇಲ್ಲ. ಬೆರಳು ಒಂದು ಕೂದಲೆಳೆ ಜರುಗಿದರೆ ಸ್ವರ ಜರುಗುತ್ತದೆ. ವೀಣೆ, ಗಿಟಾರ್ ಮಧ್ಯದಲ್ಲಿ ಬರುತ್ತವೆ. ಮೆಟ್ಟಿಲು ಇದೆ, ಆದರೆ ತಂತಿ ಎಷ್ಟು ಒತ್ತಬೇಕು, ಎಷ್ಟು ಎಳೆಯಬೇಕು ಅನ್ನೋದು ನಿಮ್ಮ ಪಾಲಿಗೆ ಬಿಟ್ಟಿದ್ದು.

ಸಿದ್ಧ ಸ್ವರದ ವಾದ್ಯದಲ್ಲಿ ಮೊದಲ ವಾರವೇ ಒಂದು ಹಾಡಿನ ಸಾಲು ಬಂದುಬಿಡುತ್ತದೆ. ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಕೇಳಿಸಬಹುದು. ಆರೇಳು ತಿಂಗಳಿಗೆ ಮಗುವಿಗೆ ಬೇಜಾರು ಶುರುವಾಗುತ್ತದೆ, ಯಾಕೆಂದರೆ ಬೆರಳು ಕಲಿತಷ್ಟು ಕಿವಿ ಕಲಿತಿರುವುದಿಲ್ಲ. ಹುಡುಕಿಸುವ ವಾದ್ಯದಲ್ಲಿ ಉಲ್ಟಾ. ಮೊದಲ ಆರು ತಿಂಗಳು ಮನೆಮಂದಿಗೆಲ್ಲ ಕಷ್ಟ. ಅದನ್ನು ದಾಟಿದರೆ ಕಿವಿ ಚುರುಕಾಗಿರುತ್ತದೆ. ನನ್ನ ಮಗಳು ಈಗ ಮಿಕ್ಸಿ ಯಾವ ಶ್ರುತಿಯಲ್ಲಿ ತಿರುಗುತ್ತಿದೆ ಅಂತ ಹೇಳುತ್ತಾಳೆ. ಉಪಯೋಗವಿಲ್ಲದ ವಿದ್ಯೆ, ಆದರೂ ನನಗೆ ಖುಷಿ.

ಇಲ್ಲಿ ಮಗುವಿನ ತಾಳ್ಮೆಗಿಂತ ಅಪ್ಪ ಅಮ್ಮನ ತಾಳ್ಮೆ ಎಷ್ಟು ಅನ್ನೋದೇ ಮುಖ್ಯ. ದುಡಿದು ದಣಿದು ಬಂದವರಿಗೆ ಸಂಜೆ ಅರ್ಧ ಗಂಟೆ ಪಿಟೀಲು ಕುಯ್ಯೋದನ್ನು ಕೇಳುವ ಶಕ್ತಿ ಇಲ್ಲದಿದ್ದರೆ, ಅದು ತಪ್ಪೇನಲ್ಲ. ಬೇರೆ ವಾದ್ಯ ನೋಡಿ.

ಅದಕ್ಕೂ ಮೊದಲು

ಮಗು ಆರೇಳು ವರ್ಷದ್ದಾದರೆ ಯಾವ ವಾದ್ಯವನ್ನೂ ಕೊಳ್ಳಬೇಡಿ. ಹಾಡಲು ಸೇರಿಸಿ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ ಅನ್ನುವ ಆರಂಭದ ಸ್ವರಪಾಠಗಳು ಗಂಟಲಲ್ಲಿ ಕೂತರೆ ನಾಳೆ ಯಾವ ವಾದ್ಯ ಹಿಡಿದರೂ ಬೆರಳಿಗೆ ದಾರಿ ಗೊತ್ತಿರುತ್ತದೆ. ಶ್ರುತಿಗೆ ಮೊಬೈಲ್‌ನಲ್ಲೇ ತಂಬೂರಿ ಆ್ಯಪ್ ಸಿಗುತ್ತದೆ, ಹಣ ಕೊಡಬೇಕಾಗಿಲ್ಲ. ಎಷ್ಟೋ ಪಿಟೀಲು, ವೀಣೆ ಮೇಷ್ಟ್ರುಗಳು ಹೇಗೂ ಮೊದಲು ಹಾಡಿಸಿಯೇ ನುಡಿಸಲು ಬಿಡುವುದು.

ಶ್ರುತಿಯ ಲೆಕ್ಕ ಒಂದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಕರ್ನಾಟಕ ಸಂಗೀತದವರು ‘ಒಂದು ಮನೆ’, ‘ಐದು ಮನೆ’ ಅಂತಾರೆ. ಹಾರ್ಮೋನಿಯಂನವರು ‘ಬಿಳಿ ಒಂದು’, ‘ಕಪ್ಪು ನಾಲ್ಕು’ ಅಂತಾರೆ. ಪಾಶ್ಚಾತ್ಯ ಸಂಗೀತದ ಕ್ಲಾಸಿನಲ್ಲಿ ಸಿ, ಡಿ, ಇ. ಒಂದು ಮನೆ, ಬಿಳಿ ಒಂದು, ಸಿ, ಮೂರೂ ಒಂದೇ. ಐದು ಮನೆ ಅಂದರೆ ಬಿಳಿ ಐದು, ಅಂದರೆ ಜಿ. ನಡುವಿನ ಕಪ್ಪು ಕೀಗಳಿಗೆ ‘ಎರಡೂವರೆ ಮನೆ’ ಥರ ಅರ್ಧದ ಲೆಕ್ಕ. ಮಕ್ಕಳು, ಹೆಂಗಸರು ಸಾಮಾನ್ಯವಾಗಿ ಐದು ಆರು ಮನೆ ಆಸುಪಾಸಿನಲ್ಲಿ ಹಾಡುತ್ತಾರೆ, ಗಂಡಸರು ಒಂದು ಎರಡು ಮನೆಯಲ್ಲಿ. ಇದು ಗೊತ್ತಿಲ್ಲದೆ ಅಂಗಡಿಗೆ ಹೋದರೆ ಕೊಳಲು, ಮೃದಂಗ ಎರಡರಲ್ಲೂ ಎಡವುತ್ತೀರಿ.

ಕೀಬೋರ್ಡ್, ಹಾರ್ಮೋನಿಯಂ

ಕೀಬೋರ್ಡ್‌ನಲ್ಲಿ 32 ಅಥವಾ 44 ಪುಟ್ಟ ಕೀಗಳಿರುವವು ಸಿಗುತ್ತವೆ. ಅವು ಆಟಿಕೆ ಅಂತಲೇ ತಿಳಿಯಿರಿ. ಕೀಗಳು ಕಿರಿದು. ಅದರಲ್ಲಿ ಕಲಿತ ಬೆರಳು ದೊಡ್ಡ ಕೀಬೋರ್ಡ್ ಮುಂದೆ ಮತ್ತೆ ಹೊಸದಾಗಿ ಕಲಿಯಬೇಕು. ಕೊಳ್ಳುವುದಾದರೆ 61 ಕೀ, ಪೂರ್ತಿ ಅಳತೆಯದ್ದು. ಪಿಯಾನೊ ಕಲಿಯುವ ಆಸೆ ಇದ್ದರೆ ಟಚ್ ರೆಸ್ಪಾನ್ಸ್ ಇರಲೇಬೇಕು. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಕೇಳಬೇಕು. ಅದಿಲ್ಲದಿದ್ದರೆ ಎಲ್ಲ ಸ್ವರವೂ ಒಂದೇ ಗಟ್ಟಿ. ಇನ್ನೂರು ಮುನ್ನೂರು ಥರದ ಸದ್ದು, ತಾಳ ಇದೆ ಅಂತ ಅಂಗಡಿಯವರು ತೋರಿಸುತ್ತಾರಲ್ಲ, ಅದಕ್ಕೆ ಮರುಳಾಗಬೇಡಿ. ನಮ್ಮವಳು ನಾಲ್ಕು ತಿಂಗಳು ಆ ಗುಂಡಿಗಳನ್ನೇ ಒತ್ತುತ್ತಾ ಕಳೆದಳು.

ಹೆಡ್‌ಫೋನ್ ಹಾಕಿಕೊಂಡು ನುಡಿಸಬಹುದು ಅನ್ನೋದು ಅದರ ದೊಡ್ಡ ಲಾಭ. ಅಪಾರ್ಟ್‌ಮೆಂಟ್‌ನವರಿಗೆ ಇದು ಸಣ್ಣ ಮಾತಲ್ಲ. ಕರೆಂಟ್ ಹೋದರೂ ನಡೆಯಬೇಕಾದರೆ ಬ್ಯಾಟರಿ ಹಾಕುವ ಮಾದರಿ ನೋಡಿ. ಟ್ರಾನ್ಸ್‌ಪೋಸ್ ಗುಂಡಿಯಿಂದ ದೂರ ಇರಿಸಿ. ಅದನ್ನು ಒತ್ತಿ ಶ್ರುತಿ ಬದಲಿಸುವುದು ರೂಢಿಯಾದರೆ ಮಗುವಿಗೆ ಒಂದು ಮನೆ ಬಿಟ್ಟು ಬೇರೆ ಮನೆಯೇ ಗೊತ್ತಾಗುವುದಿಲ್ಲ.

ಕರ್ನಾಟಕ ಸಂಗೀತವೇ ಗುರಿಯಾದರೆ ಕೀಬೋರ್ಡ್ ನನ್ನ ಆಯ್ಕೆ ಅಲ್ಲ. ಅದರಲ್ಲಿ ನುಡಿಸುವ ಕಲಾವಿದರಿದ್ದಾರೆ, ನಿಜ. ಆದರೆ ಗಮಕ ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ತೂಗುವುದು. ಬಿಡಿಬಿಡಿ ಕೀಗಳಲ್ಲಿ ಅದನ್ನು ತರುವುದು ಪಳಗಿದವರ ಸಾಹಸ, ಹೊಸಬರ ಕೆಲಸವಲ್ಲ.

ಹಾರ್ಮೋನಿಯಂಗೂ ಇದೇ ತಕರಾರು ಇತ್ತು. ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಅದನ್ನು ಪ್ರಸಾರದಿಂದಲೇ ಹೊರಗಿಟ್ಟಿತ್ತು. ನಿಷೇಧ ಸಡಿಲವಾಗಿದ್ದು 1971ರಲ್ಲಿ. ಆದರೆ ತುಮಕೂರಿನವರು ಹಾರ್ಮೋನಿಯಂ ಬಗ್ಗೆ ಕೇವಲವಾಗಿ ಮಾತಾಡೋದು ಸರಿಯಲ್ಲ, ಅಲ್ವಾ? 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ನಮ್ಮ ಜಿಲ್ಲೆಯದ್ದೇ. ಕಂಪನಿ ನಾಟಕದಲ್ಲಿ ಕಾಲಿನಿಂದ ತುಳಿಯುವ ಹಾರ್ಮೋನಿಯಂ ಇಲ್ಲದೆ ಪರದೆ ಏಳುತ್ತಿರಲಿಲ್ಲ. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರೆಗೆ ನಟನ ಶ್ರುತಿ ಹಿಡಿದು ನಿಲ್ಲಿಸಿದ್ದು ಅದೇ.

ದೊಡ್ಡವರಾದ ಮೇಲೆ ಕಲಿಯುವವರಿಗೆ ನಾನು ಕಣ್ಣು ಮುಚ್ಚಿ ಹಾರ್ಮೋನಿಯಂ ಹೇಳುತ್ತೇನೆ. ಬಲಗೈಗೆ ಕೀ, ಎಡಗೈಗೆ ಗಾಳಿ ಹಾಕುವ ತಿದಿ, ಬಾಯಿಗೆ ಹಾಡು. ನಾನು ಎರಡನೇ ತಿಂಗಳಿಗೆ ದೇವಸ್ಥಾನದ ಭಜನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಮೆಲ್ಲಗೆ ನುಡಿಸಿದೆ. ಬೇರೆ ಯಾವ ವಾದ್ಯ ಇಷ್ಟು ಬೇಗ ನಾಲ್ಕು ಜನರ ಜೊತೆ ಕೂರಿಸುತ್ತದೆ? ಶ್ರುತಿ ಮಾಡುವ ರಗಳೆ ಇಲ್ಲ, ಒಳಗಿನ ರೀಡ್ ವರ್ಷಗಟ್ಟಲೆ ಹಾಗೇ ಇರುತ್ತದೆ. ಶತ್ರು ಅಂದರೆ ಜಿರಲೆ, ಇಲಿ, ಮಳೆಗಾಲದ ತೇವ. ಹಳೆಯದನ್ನು ಕೊಳ್ಳುವಾಗ ಒಂದೂ ಕೀ ಒತ್ತದೆ ತಿದಿ ಹಾಕಿ ನೋಡಿ. ಕೈಗೆ ತಡೆ ಸಿಗಬೇಕು. ಪುಸ್ ಅಂತ ಗಾಳಿ ಹೋದರೆ, ಯಾವುದಾದರೂ ಸ್ವರ ತಾನಾಗಿ ಕೂಗಿದರೆ, ರಿಪೇರಿ ಖರ್ಚು ಕಳೆದು ಬೆಲೆ ಕಟ್ಟಿ. ಚಿಕ್ಕ ಮಕ್ಕಳಿಗೆ ತೊಂದರೆ ಅಂದರೆ ಕೈ ಸಾಲದು. ಎಡಗೈ ಹಿಂದಿನ ತಿದಿಗೆ ಎಟುಕಬೇಕಾದರೆ ಮಗು ವಾದ್ಯದ ಮೇಲೆ ಬೀಳುವಂತೆ ಬಗ್ಗುತ್ತದೆ. ಒಂಬತ್ತು ಹತ್ತು ವರ್ಷದ ತನಕ ಕಾಯಿರಿ.

ಪಿಟೀಲು

ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಜಾಸ್ತಿ ತಪ್ಪು ಮಾಡಿದ್ದು ಇದರಲ್ಲೇ.

ಪಿಟೀಲು ನಮ್ಮ ಸಂಗೀತಕ್ಕೆ ಬಂದು ಇನ್ನೂರು ವರ್ಷ ದಾಟಿದೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಇದನ್ನು ಕರ್ನಾಟಕ ಸಂಗೀತಕ್ಕೆ ತಂದವರು ಅನ್ನುತ್ತಾರೆ. ನಮ್ಮವರು ಇದನ್ನು ನೆಲಕ್ಕೆ ಕೂರಿಸಿದರು. ಚಕ್ಕಳಮಕ್ಕಳ ಹಾಕಿ ಬಲಗಾಲು ಸ್ವಲ್ಪ ಮುಂದೆ ಇಟ್ಟು, ಪಿಟೀಲಿನ ತಲೆಯನ್ನು ಪಾದದ ಹತ್ತಿರ ಊರುತ್ತಾರೆ. ಇನ್ನೊಂದು ತುದಿ ಎದೆಗೆ ಒರಗಿರುತ್ತದೆ. ಎಡಗೈಗೆ ವಾದ್ಯದ ಭಾರ ಇರುವುದಿಲ್ಲ, ತಂತಿಯ ಮೇಲೆ ಜಾರಲು ಸ್ವತಂತ್ರ. ಪಾಶ್ಚಾತ್ಯ ಕ್ರಮದಲ್ಲಿ ಗದ್ದದ ಕೆಳಗೆ ಸಿಕ್ಕಿಸಿ ನಿಂತು ನುಡಿಸುತ್ತಾರೆ. ಶ್ರುತಿಯೂ ಬೇರೆ. ಅವರದ್ದು ಜಿ, ಡಿ, ಎ, ಇ. ನಮ್ಮದು ಸ, ಪ, ಸ, ಪ. ವಾದ್ಯ ಒಂದೇ, ಕ್ಲಾಸು ಎರಡು. ತುಮಕೂರಿನಲ್ಲೂ ಈಗ ಎರಡೂ ಥರದ ಕ್ಲಾಸುಗಳಿವೆ. ಸೇರುವ ಮುಂಚೆ ಕೇಳಿ. ನಮ್ಮ ಪಕ್ಕದ ಬೀದಿಯವರು ಕೇಳದೆ ಸೇರಿಸಿ, ಆರು ತಿಂಗಳಾದ ಮೇಲೆ “ಇವನು ಯಾಕೆ ನಿಂತುಕೊಂಡು ನುಡಿಸ್ತಾನೆ?” ಅಂತ ಕಂಗಾಲಾಗಿದ್ದರು.

ಅಳತೆ ನೋಡುವುದು ಮುಖ್ಯ. ಕಾಲು, ಅರ್ಧ, ಮುಕ್ಕಾಲು, ಪೂರ್ತಿ, ಹೀಗೆ ಸೈಜು ಬರುತ್ತದೆ. ಐದಾರು ವರ್ಷಕ್ಕೆ ಕಾಲು, ಎಂಟು ಒಂಬತ್ತಕ್ಕೆ ಅರ್ಧ, ಹತ್ತು ಹನ್ನೊಂದಕ್ಕೆ ಮುಕ್ಕಾಲು, ಹನ್ನೆರಡು ದಾಟಿದ ಮೇಲೆ ಪೂರ್ತಿ, ಇದು ಅಂದಾಜು. ವಯಸ್ಸಿಗಿಂತ ಕೈ ಉದ್ದ ನೋಡಬೇಕು. ಪಿಟೀಲನ್ನು ಗದ್ದದ ಕೆಳಗೆ ಇಟ್ಟು ಎಡಗೈ ನೀಡಿದರೆ ಬೆರಳುಗಳು ಅದರ ಸುರುಳಿ ತಲೆಯನ್ನು ಆರಾಮಾಗಿ ಸುತ್ತಬೇಕು. “ಬೆಳೀತಾಳೆ, ದೊಡ್ಡದೇ ತಗೊಳ್ಳೋಣ” ಅನ್ನುವ ಸಮವಸ್ತ್ರದ ಲೆಕ್ಕ ಇಲ್ಲಿ ನಡೆಯಲ್ಲ. ನಾವು ಹಾಗೇ ಮಾಡಿದೆವು. ಒಂಬತ್ತರ ಹುಡುಗಿಗೆ ಪೂರ್ತಿ ಸೈಜಿನದು ತಂದೆವು. ಎರಡು ತಿಂಗಳಿಗೆ ಕಿರುಬೆರಳು ನೋವು ಅಂತ ಅತ್ತಳು. ಮೇಷ್ಟ್ರು ನೋಡಿ, “ಅಮ್ಮ, ನಿಮ್ಮ ಚಪ್ಪಲಿ ಹಾಕಿಸಿ ಓಡಿಸ್ತೀರಾ ಇವಳನ್ನ?” ಅಂದರು.

ಎರಡನೇ ತಪ್ಪು, ಆನ್‌ಲೈನ್‌ನಲ್ಲಿ ತರಿಸಿದ್ದು. ಪೆಟ್ಟಿಗೆ ತೆರೆದರೆ ಕುದುರೆ ಬಿದ್ದಿತ್ತು. ಕುದುರೆ ಅಂದರೆ ತಂತಿಗಳು ಕೂರುವ ಆ ಸಣ್ಣ ಮರದ ಸೇತುವೆ. ಅದನ್ನು ಅಂಟಿಸಿರುವುದಿಲ್ಲ, ತಂತಿಯ ಬಿಗಿಯಲ್ಲೇ ನಿಲ್ಲುತ್ತದೆ. ಹಾಗಾಗಿ ಮಲಗಿಸಿ ಕಳಿಸುವುದು ಮಾಮೂಲು, ತಪ್ಪೇನಲ್ಲ. ಆದರೆ ಒಳಗೆ ಏನೋ ಗಡಗಡ ಉರುಳುತ್ತಿತ್ತು. ಅದು ಪಿಟೀಲಿನ ಹೊಟ್ಟೆಯೊಳಗೆ ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ನಿಲ್ಲುವ ಕಡ್ಡಿ. ಅದಕ್ಕೂ ಅಂಟಿಲ್ಲ. ಅದು ನಿಂತಿಲ್ಲದಿದ್ದರೆ ನಾದವಿಲ್ಲ, ಬಿಗಿ ಮಾಡಿದರೆ ಹಲಗೆಗೇ ಅಪಾಯ. ಬಾಗಿದ ಇಕ್ಕಳ ಬೇಕು ಅದನ್ನು ನಿಲ್ಲಿಸಲು. ಅಂಗಡಿಗೆ ಫೋನ್ ಮಾಡಿದರೆ “ಅದು ಕಸ್ಟಮರ್ ಮಾಡ್ಕೋಬೇಕು ಮೇಡಂ” ಅಂದರು. ಕೊನೆಗೆ ಬೆಂಗಳೂರಿನ ಬಳೇಪೇಟೆಗೆ ಹೊತ್ತುಕೊಂಡು ಹೋಗಿ ಸರಿ ಮಾಡಿಸಿದೆವು. ಅಲ್ಲಿಂದ ಒಂದು ಪಾಠ ಕಲಿತೆ. ತಂತಿ ಬದಲಾಯಿಸುವಾಗ ನಾಲ್ಕನ್ನೂ ಒಟ್ಟಿಗೆ ಬಿಚ್ಚಬಾರದು. ಒಂದು ಬಿಚ್ಚಿ, ಒಂದು ಹಾಕಿ, ಆಮೇಲೆ ಮುಂದಿನದು.

ಖರ್ಚು ಅಂದರೆ, ಪೆಟ್ಟಿಗೆ, ಕಮಾನು ಸೇರಿ 5–6 ಸಾವಿರದಿಂದ ಕಲಿಯುವ ಮಟ್ಟದ್ದು ಸಿಗುತ್ತದೆ. ಸಣ್ಣ ಸೈಜಿನದನ್ನು ಹೊಸದು ಕೊಳ್ಳಲೇಬೇಡಿ. ಮೇಷ್ಟ್ರ ಹತ್ತಿರ ಕೇಳಿದರೆ, ಹಿಂದಿನ ವರ್ಷ ದೊಡ್ಡ ಸೈಜಿಗೆ ಹೋದ ಮಗುವಿನದು ಯಾರ ಮನೆಯಲ್ಲಾದರೂ ಇರುತ್ತದೆ. ನಮ್ಮ ಮುಕ್ಕಾಲು ಪಿಟೀಲು ಈಗ ಮೂರನೇ ಮನೆಯಲ್ಲಿದೆ.

ಸದ್ದಿನ ವಿಷಯ ಮುಚ್ಚಿಡುವುದಿಲ್ಲ. ಮೊದಲ ನಾಲ್ಕು ತಿಂಗಳು ಕೆಟ್ಟದಾಗಿಯೇ ಇರುತ್ತದೆ. ಹೊಸ ಕಮಾನಿಗೆ ರಾಳ ಚೆನ್ನಾಗಿ ತಿಕ್ಕದಿದ್ದರೆ ಸದ್ದೇ ಬರುವುದಿಲ್ಲ, ಜಾಸ್ತಿ ತಿಕ್ಕಿದರೆ ಕಿರ್ರೋ ಅನ್ನುತ್ತದೆ. ಐದನೇ ತಿಂಗಳಲ್ಲಿ ಒಂದು ಸಂಜೆ ನಾನು ಒಗ್ಗರಣೆ ಹಾಕುತ್ತಿದ್ದೆ. ಹೊರಗೆ ಉದ್ದಕ್ಕೆ ಒಂದು ‘ಪ’ ಕೇಳಿಸಿತು, ಅಲುಗಾಡದೆ. ಒಲೆ ಆರಿಸಿ ಬಂದು ನೋಡಿದೆ. ಅವಳಿಗೂ ಆಶ್ಚರ್ಯವಾಗಿತ್ತು.

ವೀಣೆ

ವೀಣೆಯನ್ನು ಹತ್ತಿರದಿಂದ ನೋಡಬೇಕಾದರೆ ಮೈಸೂರು, ತಂಜಾವೂರಿಗೆ ಹೋಗಬೇಕಿಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಸಿಂಪಾಡಿಪುರ ಅಂತ ಹಳ್ಳಿಯಿದೆ. ವೀಣೆ ಮಾಡುವವರ ಊರು. ಹಲಸಿನ ಮರದ ದಿಮ್ಮಿ ಕೊರೆದು ಕೊಡ ಮಾಡುವುದನ್ನು ಕಣ್ಣಾರೆ ನೋಡಿದರೆ, ಬೆಲೆ ಯಾಕೆ ಹತ್ತಾರು ಸಾವಿರ ಅನ್ನೋದು ತಾನಾಗಿ ಅರ್ಥವಾಗುತ್ತದೆ.

ಏಳು ತಂತಿ, ಅದರಲ್ಲಿ ನಾಲ್ಕು ನುಡಿಸಲು, ಮೂರು ತಾಳಕ್ಕೆ. 24 ಮೆಟ್ಟಿಲು. ಮೆಟ್ಟಿಲುಗಳು ಕೂರುವುದು ಮೇಣದ ಮೇಲೆ. ಬಿಸಿಲು ಬೀಳುವ ಕಿಟಕಿ ಪಕ್ಕ ಇಟ್ಟರೆ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುತ್ತದೆ. ಏಪ್ರಿಲ್ ತಿಂಗಳಲ್ಲಿ ಮುಚ್ಚಿದ ಕಾರಿನಲ್ಲಂತೂ ಬಿಡಲೇಬೇಡಿ. ಒಂದೆರಡು ಮೆಟ್ಟಿಲು ಜರುಗಿದರೂ ಸರಿ ಮಾಡಲು ಬಲ್ಲವರೇ ಬೇಕು.

ಕೇಳಲು ಮೊದಲ ದಿನದಿಂದ ಹಿತ. ಮೀಟಿದರೆ ಸಾಕು, ಮನೆಯೇ ತಂಪಾಗುತ್ತದೆ. ಪಿಟೀಲಿನ ಗೋಳು ಇಲ್ಲಿಲ್ಲ. ಬೆರಳ ತುದಿ ಮಾತ್ರ ಕೆಲವು ವಾರ ಉರಿಯುತ್ತದೆ, ಗೆರೆ ಬೀಳುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ನಿಜವಾದ ತೊಂದರೆ ಜಾಗದ್ದು. ಸುಮಾರು ನಾಲ್ಕು ಅಡಿಯ ವಾದ್ಯ. ಮಂಚದ ಮೇಲೆ ಇಟ್ಟರೆ ಮಲಗಲು ಜಾಗವಿಲ್ಲ, ನೆಲದ ಮೇಲೆ ಇಟ್ಟರೆ ಚಿಕ್ಕ ಮಕ್ಕಳು ದಾಟುತ್ತಾರೆ. ಸ್ಕೂಟರ್‌ನಲ್ಲಿ ಹೊತ್ತುಕೊಂಡು ಹೋಗುವ ಮಾತೇ ಇಲ್ಲ. ಕ್ಲಾಸಿನಲ್ಲಿ ಮೇಷ್ಟ್ರ ವೀಣೆಯಲ್ಲೇ ನುಡಿಸಲು ಬಿಡುತ್ತಾರಾ ಅಂತ ಮೊದಲೇ ಕೇಳಿ. ಬಿಡುತ್ತಾರೆ ಅಂದರೆ ಅರ್ಧ ಚಿಂತೆ ಹೋಯಿತು. ಕೈ ಎಟುಕಬೇಕು, ಹಾಗಾಗಿ ಹತ್ತು ವರ್ಷದ ಮೇಲೆ ಒಳ್ಳೆಯದು. ಮನೆಯಲ್ಲಿ ಅಜ್ಜಿಯದೋ ಅತ್ತೆಯದೋ ಹಳೇ ವೀಣೆ ಮೂಲೆಯಲ್ಲಿದ್ದರೆ ಮಾತ್ರ ಯೋಚನೆಯನ್ನೇ ಮಾಡಬೇಡಿ. ಹೊಸ ತಂತಿ ಹಾಕಿಸಿ, ಮೇಣ ಕಟ್ಟಿಸಿ, ಸೇರಿಸಿಬಿಡಿ.

ಕೊಳಲು

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಹಗುರ. ಶಾಲೆಯ ಬ್ಯಾಗಿನಲ್ಲೇ ಹೋಗುತ್ತದೆ. ಶ್ರುತಿ ನೋಡಿ ಮಾಡಿದ್ದು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದಕ್ಕೇ ಜನ ಮೋಸ ಹೋಗುತ್ತಾರೆ. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆಯಲ್ಲಿ ಬಲೂನಿನ ಜೊತೆ ಮಾರುವ ಕೊಳಲು ಊದಲು ಚಂದ, ಕಲಿಯಲು ಬರುವುದಿಲ್ಲ. ಅದರ ತೂತುಗಳಿಗೂ ಸ್ವರಗಳಿಗೂ ನೆಂಟಸ್ತಿಕೆ ಇಲ್ಲ.

ಬೆರಳಿಡುವ ತೂತು ಎಂಟಿದ್ದರೆ ಕರ್ನಾಟಕ ಸಂಗೀತದ್ದು, ಸಾಮಾನ್ಯವಾಗಿ ಗಿಡ್ಡ. ಆರಿದ್ದರೆ ಹಿಂದೂಸ್ತಾನಿಯದು, ಉದ್ದ. ಒಂದು ಕೊಳಲಿಗೆ ಒಂದೇ ಶ್ರುತಿ. ಕ್ಲಾಸಿನಲ್ಲಿ ಎಲ್ಲರೂ ಐದು ಮನೆಯದ್ದು ನುಡಿಸುವಾಗ ನೀವು ಎರಡು ಮನೆಯದ್ದು ತಗೊಂಡು ಹೋದರೆ ಒಬ್ಬರೇ ಬೇರೆ ಊರಿನಲ್ಲಿರುತ್ತೀರಿ. ಮೊದಲ ವಾರ, ಕೆಲವರಿಗೆ ಮೊದಲ ತಿಂಗಳು, ಬರೀ ಗಾಳಿ. ತಲೆ ಸುತ್ತುತ್ತದೆ, ನಿಲ್ಲಿಸಿ ಕೂರಬೇಕು. ಮುಂದಿನ ಹಾಲುಹಲ್ಲು ಬೀಳುತ್ತಿರುವ ಮಗುವಿಗೆ ಹೊಸ ಹಲ್ಲು ಬರುವ ತನಕ ಬೇಡ. ತೂತು ಪೂರ್ತಿ ಮುಚ್ಚದ ಪುಟ್ಟ ಬೆರಳಿಗೂ ಬೇಡ.

ನಮ್ಮ ಕಡೆ ಊದುವ ಇನ್ನೊಂದು ವಾದ್ಯ ಇದೆ, ಮುಖವೀಣೆ. ಹೆಸರು ವೀಣೆ, ಊದುವುದು ಬಾಯಲ್ಲಿ. ತಿಪಟೂರು ಸೀಮೆಯ ಮೂಡಲಪಾಯ ಯಕ್ಷಗಾನಕ್ಕೆ ಅದಿಲ್ಲದೆ ಕಳೆಯಿಲ್ಲ. ಕಲಿಸುವವರು ಕಡಿಮೆ. ನಿಮ್ಮ ಊರಲ್ಲಿ ಒಬ್ಬರಿದ್ದು, ಕಲಿಸಲು ಒಪ್ಪಿದರೆ, ಈ ಬರಹ ಇಲ್ಲಿಗೇ ನಿಲ್ಲಿಸಿ ಅವರ ಹತ್ತಿರ ಹೋಗಿ.

ಮೃದಂಗ, ತಬಲಾ

ಊಟದ ತಟ್ಟೆ, ಬೆಂಚು, ತಂಗಿಯ ಬೆನ್ನು, ಸಿಕ್ಕಿದ್ದನ್ನೆಲ್ಲ ಬಡಿಯುವ ಮಕ್ಕಳಿರುತ್ತಾರೆ. ನನ್ನ ಮಗ ಆ ಪೈಕಿ. ಅವರನ್ನು ಸ್ವರದ ವಾದ್ಯಕ್ಕೆ ಕೂರಿಸಿ ಒದ್ದಾಡಬೇಡಿ.

ಎರಡರಲ್ಲಿ ಯಾವುದು? ಕರ್ನಾಟಕ ಸಂಗೀತ, ಭರತನಾಟ್ಯ ಕಡೆ ಮೃದಂಗ. ಭಜನೆ, ವಚನ, ಸುಗಮ ಸಂಗೀತ, ರಂಗಗೀತೆ ಕಡೆ ತಬಲಾ. ನಮ್ಮೂರಲ್ಲಿ ಗಣೇಶನ ಹಬ್ಬದಿಂದ ರಾಜ್ಯೋತ್ಸವದ ತನಕ ತಬಲಾದವರಿಗೇ ಜಾಸ್ತಿ ಕರೆ ಬರುತ್ತದೆ. ಮೃದಂಗದ ಮೊದಲ ಪಾಠ ‘ತ ದಿ ತೊಂ ನಂ’. ಅದನ್ನು ಬಾಯಲ್ಲಿ ಹೇಳಿ, ಕೈಯಲ್ಲಿ ತಾಳ ಹಾಕಿ, ವಾರಗಟ್ಟಲೆ ಅದೇ. ಆ ಹಂತಕ್ಕೆ ವಾದ್ಯವೇ ಬೇಡ. ನಾವು ಮೂರು ತಿಂಗಳು ತಡೆದು ಕೊಂಡೆವು, ಅದೊಂದು ಸರಿ ಮಾಡಿದೆವು.

ಮೃದಂಗಕ್ಕೂ ಶ್ರುತಿ ಇದೆ. 22 ಇಂಚಿನದು ಏರು ಶ್ರುತಿಗೆ, 24 ಇಂಚಿನದು ತಗ್ಗು ಶ್ರುತಿಗೆ. ಎಡಗಡೆಯ ಚರ್ಮದ ಮುಚ್ಚಳಕ್ಕೆ ನುಡಿಸುವ ಮುಂಚೆ ರವೆ ಕಲಸಿ ಅಂಟಿಸಬೇಕು, ನುಡಿಸಿದ ಮೇಲೆ ಕೆರೆದು ತೆಗೆಯಬೇಕು. ತೆಗೆಯದೆ ಮಲಗಿದರೆ ಬೆಳಗ್ಗೆ ಇರುವೆ ಸಾಲು. ಚರ್ಮ ಸಡಿಲವಾದರೆ, ಕರಣೆ (ಬಲಗಡೆ ಮುಚ್ಚಳದ ನಡುವಿನ ಕಪ್ಪು ಲೇಪ) ಉದುರಿದರೆ ಮುಚ್ಚಳ ಕಟ್ಟಿಸಬೇಕು. ಅದಕ್ಕೆ ನಾವು ಬಳೇಪೇಟೆಗೇ ಹೋಗುವುದು. 70 ಕಿಲೋಮೀಟರ್, ತೊಡೆಯ ಮೇಲೆ ಮೃದಂಗ ಇಟ್ಟುಕೊಂಡು ಟ್ರೈನಿನಲ್ಲಿ. ಹಲಸಿನ ಮರ, ಹಗುರವೇನಲ್ಲ. ತಬಲಾದಲ್ಲಿ ಎರಡು ಬಿಡಿ ಭಾಗ, ಸಾಗಿಸಲು ಸುಲಭ. ಯಾವ ಚರ್ಮ ಹರಿಯಿತೋ ಅದನ್ನಷ್ಟೇ ಒಯ್ದರೆ ಆಯಿತು.

ತಮಟೆಯನ್ನು ಯಾರೂ ‘ಕ್ಲಾಸಿಗೆ ಸೇರಿಸೋ’ ವಾದ್ಯ ಅಂದುಕೊಳ್ಳುವುದಿಲ್ಲ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಬಂತು. ಬೇಸಿಗೆ ರಜೆಯ ಜಾನಪದ ಶಿಬಿರಗಳಲ್ಲಿ ಎಲ್ಲಾದರೂ ತಮಟೆ ಕಲಿಸುತ್ತಿದ್ದರೆ ಬಡಿಯುವ ಮಕ್ಕಳನ್ನು ಅಲ್ಲಿಗೂ ಕಳಿಸಿ ನೋಡಿ. ನಿಂತು, ಕುಣಿದು, ನುಡಿಸುವ ವಾದ್ಯ. ಕೂರಲಾಗದ ಹುಡುಗರಿಗೆ ಮೃದಂಗಕ್ಕಿಂತ ಅದೇ ಸರಿ.

ಗಿಟಾರ್

ಹೈಸ್ಕೂಲ್ ದಾಟಿದವರು ಕೇಳುವುದೇ ಇದನ್ನು. ನಾಲ್ಕು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬಂದರೆ ಎರಡು ತಿಂಗಳಲ್ಲಿ ಕಾಲೇಜ್ ಡೇಗೆ ಹಾಡಬಹುದು. ಮೊದಲ ಸಲಕ್ಕೆ ನೈಲಾನ್ ತಂತಿಯದ್ದು ತಗೊಳ್ಳಿ, ಸ್ಟೀಲ್ ತಂತಿ ಬೆರಳು ಕೊಯ್ಯುತ್ತದೆ. ಎಂಟು ಹತ್ತು ವರ್ಷದವರು ಹಟ ಮಾಡಿದರೆ ಯುಕುಲೆಲೆ ಕೊಡಿಸಿ, ನಾಲ್ಕೇ ತಂತಿ, ಅಂಗೈಯಗಲದ ವಾದ್ಯ. ಒಂದೇ ಎಚ್ಚರಿಕೆ. ಬರೀ ಹಾಡಿನ ಮೇಲೆ ಹಾಡು ಕಲಿಸಿ ಸ್ವರ, ತಾಳ ಹೇಳದ ಕ್ಲಾಸಾದರೆ ಆರನೇ ಹಾಡಿಗೆ ಗಾಡಿ ನಿಲ್ಲುತ್ತದೆ.

ಮೇಷ್ಟ್ರನ್ನು ನೋಡುವುದು ಹೇಗೆ

ಒಂದು ದಿನ ಕ್ಲಾಸಿನಲ್ಲಿ ಸುಮ್ನೆ ಕೂತು ಬನ್ನಿ. ಬೇಡ ಅನ್ನುವವರ ಹತ್ತಿರ ಸೇರಿಸಬೇಡಿ. ಒಂದು ಗಂಟೆಯಲ್ಲಿ ಎಷ್ಟು ಮಕ್ಕಳು, ಒಬ್ಬೊಬ್ಬರಿಂದಲೂ ಬೇರೆಯಾಗಿ ನುಡಿಸುತ್ತಾರಾ ಅಂತ ನೋಡಿ. ಹದಿನೈದು ಮಕ್ಕಳು ಒಟ್ಟಿಗೆ ನುಡಿಸುವಾಗ ನಿಮ್ಮ ಮಗುವಿನ ತಪ್ಪು ಯಾರಿಗೂ ಕೇಳಿಸದು, ಮಗುವಿಗೂ. ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿಸುವುದು ಒಳ್ಳೆಯದೇ. ಆದರೆ ಸೇರಿದ ದಿನವೇ ಪರೀಕ್ಷೆಯ ಮಾತು ತೆಗೆಯುವವರ ಬಗ್ಗೆ ನನಗೆ ಸ್ವಲ್ಪ ಅನುಮಾನ.

ಬೆಂಗಳೂರಿನ ಹೆಸರುವಾಸಿ ವಿದ್ವಾಂಸರ ಹತ್ತಿರವೇ ಕಲಿಯಲಿ ಅಂತ ಭಾನುವಾರ ಬೆಳಗ್ಗೆ ಟ್ರೈನ್ ಹತ್ತುವವರಿದ್ದಾರೆ. ನಾವೂ ನಾಲ್ಕು ತಿಂಗಳು ಹತ್ತಿದೆವು. ಮಗು ಕಲಿಕೆಯ ಮೂರನೇ ನಾಲ್ಕನೇ ವರ್ಷದಲ್ಲಿದ್ದರೆ ಅದಕ್ಕೆ ಅರ್ಥವಿದೆ. ಸರಳೆ ವರಸೆಗೆ ಹೋಗಿ ಬರಲು 140 ಕಿಲೋಮೀಟರ್ ಬೇಡ. ಆನ್‌ಲೈನ್ ಕ್ಲಾಸೂ ಹಾಗೇ. ಸದ್ದು ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ತಡವಾಗುತ್ತದೆ, ಗುರು ಶಿಷ್ಯ ಒಟ್ಟಿಗೆ ನುಡಿಸಲು ಆಗದು, ಒಬ್ಬರಾದ ಮೇಲೆ ಒಬ್ಬರು. ಹಾಡುಗಾರಿಕೆಗೆ ಹೇಗೋ ನಡೆಯುತ್ತದೆ. ಹೊಸದಾಗಿ ಪಿಟೀಲು ಹಿಡಿದ ಮಗುವಿಗೆ ಶ್ರುತಿ ಮಾಡಿಕೊಡಲು, ಮಣಿಕಟ್ಟು ಹಿಡಿದು ತಿದ್ದಲು ಪರದೆಯೊಳಗಿಂದ ಕೈ ಬರುವುದಿಲ್ಲ.

ಇನ್ನೊಂದು, ಜನವರಿಯಲ್ಲಿ ಸೇರಿಸಬೇಡಿ. ಫೆಬ್ರವರಿಗೆ “ಎಕ್ಸಾಂ ಹತ್ರ ಬಂತು” ಅಂತ ನೀವೇ ಬಿಡಿಸುತ್ತೀರಿ. ಜೂನ್ ಆದರೆ ಒಂಬತ್ತು ತಿಂಗಳು ಸಿಗುತ್ತದೆ. ಅಷ್ಟರಲ್ಲಿ ಗೊತ್ತಾಗುತ್ತದೆ, ಮಗು ಹೇಳಿಸಿಕೊಳ್ಳದೆ ವಾದ್ಯ ತೆಗೆಯುತ್ತದಾ ಇಲ್ಲವಾ ಅಂತ.

ಈ ಜೂನ್‌ನಲ್ಲಿ ನಮ್ಮ ಎದುರು ಮನೆಯವರು ಕೇಳಿದರು. ಹುಡುಗನಿಗೆ ಹನ್ನೊಂದು ವರ್ಷ, ಶಾಲೆಯ ಪ್ರಾರ್ಥನೆಗೆ ನುಡಿಸಬೇಕಂತೆ. ಎರಡು ರಸ್ತೆ ಆಚೆ ಹೊಸದಾಗಿ ಒಬ್ಬರು ಕೀಬೋರ್ಡ್ ಹೇಳಿಕೊಡುತ್ತಿದ್ದಾರೆ, ಒಂದು ಹೊತ್ತಿಗೆ ನಾಲ್ಕೇ ಮಕ್ಕಳು. ನಾನು ಇಷ್ಟೆಲ್ಲ ಪುರಾಣ ಹೇಳಲಿಲ್ಲ. ಅಟ್ಟದಿಂದ ನಮ್ಮದನ್ನೇ ಇಳಿಸಿ, ಬೆಡ್‌ಶೀಟ್ ಬಿಚ್ಚಿ, ಧೂಳು ಒರೆಸಿ ಕೊಟ್ಟೆ. ಎಲ್ಲ ಕೀಗಳೂ ಸರಿಯಾಗಿವೆ. ಅಡಾಪ್ಟರ್ ಮಾತ್ರ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇವೆ.